ಚಿತ್ರಕಥಾ ಸ್ಪರ್ಧೆಗೆ ಹೋದ ನಮ್ಮ ಮನೆಯ ಕಥೆ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಹಿಂದಿನ ಫಲಾನುಭವಿಯೊಬ್ಬರು ಮಾಡಿದ ಭಾಷಣದ ಪಠ್ಯ. ಅವರ ಕೋರಿಕೆಯಂತೆ ಹೆಸರು ಮತ್ತು ಊರನ್ನು ಕೊಟ್ಟಿಲ್ಲ.)



ಹದಿಮೂರು ವರ್ಷಗಳ ಹಿಂದೆ ಇದೇ ಸಭೆಯಲ್ಲಿ ನಾನು ಹಿಂದಿನಿಂದ ಮೂರನೇ ಸಾಲಿನಲ್ಲಿ ಉಮ್ಮನ ಪಕ್ಕ ಕುಳಿತಿದ್ದೆ. ಹೆಸರು ಕರೆದಾಗ ಎದ್ದು ಬಂದು ಚೆಕ್ ತೆಗೆದುಕೊಂಡೆ. ಫೋಟೋ ತೆಗೆಯುವವರು ನಗಲು ಹೇಳಿದರು, ನಕ್ಕೆ. ಆ ಫೋಟೋ ಆ ವರ್ಷದ ವರದಿಯಲ್ಲಿ ಅಚ್ಚಾಗಿದೆ. ಮುಂದೆ ಪದವಿಗೂ ಎಂ.ಎ.ಗೂ ಇಲ್ಲಿಂದ ನೆರವು ಸಿಕ್ಕಿತು. ನಾನು ಪತ್ರಿಕೋದ್ಯಮ ಓದುತ್ತೇನೆ ಎಂದಾಗ ಸಂದರ್ಶನದಲ್ಲಿ ಹಿರಿಯರೊಬ್ಬರು, "ಇದರಲ್ಲಿ ಕೆಲಸ ಸಿಗುತ್ತದಾ ಮಗಳೇ?" ಎಂದು ಕೇಳಿದ್ದರು. ಸಿಗುತ್ತದೆ ಎಂದು ಧೈರ್ಯವಾಗಿ ಹೇಳಿದ್ದೆ. ಈಗ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಬಿಡುವಿನಲ್ಲಿ ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುತ್ತೇನೆ. ಆ ಹಿರಿಯರ ಪ್ರಶ್ನೆಗೆ ಇಷ್ಟನ್ನು ಉತ್ತರವಾಗಿ ಒಪ್ಪಿಸುತ್ತಿದ್ದೇನೆ.

ಸಾಧನೆಯ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದ್ದರು. ದೊಡ್ಡ ಸಾಧನೆ ನನ್ನ ಬಳಿ ಇಲ್ಲ. ಹೊಸ ಬರಹಗಾರರಿಗಾಗಿ ನಡೆಯುವ ಚಿತ್ರಕಥಾ ಸ್ಪರ್ಧೆಯೊಂದಕ್ಕೆ ಎರಡು ಸಲ ಅರ್ಜಿ ಹಾಕಿದ್ದೇನೆ, ಎರಡು ಸಲವೂ ಗೆದ್ದಿಲ್ಲ. ಅದನ್ನೇ ಹೇಳಲೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿ, ಆದರೆ ಮಕ್ಕಳಿಗೆ ಉಪಯೋಗ ಆಗಬೇಕು" ಎಂದರು. ಆಗುವಂತೆ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಚಿತ್ರಕಥೆ ಎಂದರೇನು ಎಂದು ಎರಡು ಮಾತು. ಸಿನಿಮಾದ ಕಥೆ ಬೇರೆ, ಚಿತ್ರಕಥೆ ಬೇರೆ. ಪರದೆಯ ಮೇಲೆ ಕಾಣುವುದನ್ನು ಮತ್ತು ಕೇಳುವುದನ್ನು ಮಾತ್ರ ದೃಶ್ಯ ದೃಶ್ಯವಾಗಿ ಬರೆದದ್ದು ಚಿತ್ರಕಥೆ. ಪ್ರತಿ ದೃಶ್ಯದ ತಲೆಯ ಮೇಲೆ ಒಳಾಂಗಣವೋ ಹೊರಾಂಗಣವೋ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ಒಂದು ಸಾಲು ಇರುತ್ತದೆ. ಕೆಳಗೆ ನಡೆಯುವ ಕ್ರಿಯೆ, ಆಮೇಲೆ ಮಾತು. ಇಂಗ್ಲಿಷಿನಲ್ಲಿ ಬರೆಯುವವರು ಕೊರಿಯರ್ ಎಂಬ ಅಕ್ಷರವನ್ನು 12 ಪಾಯಿಂಟಿನಲ್ಲಿ ಬಳಸುತ್ತಾರೆ. ಹಾಗೆ ಬರೆದರೆ ಒಂದು ಪುಟ ಸುಮಾರು ಒಂದು ನಿಮಿಷದ ಸಿನಿಮಾ ಎಂದು ಲೆಕ್ಕ. ಪೂರ್ಣ ಪ್ರಮಾಣದ ಸಿನಿಮಾಕ್ಕೆ ಸಾಮಾನ್ಯವಾಗಿ 90ರಿಂದ 120 ಪುಟ.

"ಉಮ್ಮನಿಗೆ ತುಂಬಾ ಬೇಸರವಾಯಿತು" ಎಂದು ಕಥೆಯಲ್ಲಿ ಬರೆಯಬಹುದು. ಚಿತ್ರಕಥೆಯಲ್ಲಿ ಬರೆದರೆ ಕ್ಯಾಮೆರಾ ಹಿಡಿದವನು ಏನನ್ನು ಚಿತ್ರಿಸಬೇಕು? ಅಲ್ಲಿ ಹೀಗೆ ಬರೆಯಬೇಕಾಗುತ್ತದೆ: ತಡ್ಪೆಯಲ್ಲಿ ಬೀಡಿ ಎಲೆ ಹಾಗೇ ಇದೆ. ಕತ್ತರಿ ಕೈಯಲ್ಲಿದೆ. ಕೈ ಓಡುತ್ತಿಲ್ಲ. ಇಷ್ಟು ಸಾಕು. ಬೀಡಿ ಕಟ್ಟುವ ಮನೆಯಿಂದ ಬಂದವರಿಗೆ ಕೈ ನಿಂತರೆ ಏನರ್ಥ ಎಂದು ಗೊತ್ತು. ಗೊತ್ತಿಲ್ಲದವರಿಗೆ ಅದನ್ನು ಕಾಣಿಸುವುದು ಬರೆಯುವವರ ಕೆಲಸ.

ಇಂಥ ಬರವಣಿಗೆಗೆ ನಮ್ಮಂಥವರ ಮನೆಯಲ್ಲಿ ಏನಿದೆ ಎಂದು ನಾನೂ ಅಂದುಕೊಂಡಿದ್ದೆ. ಆದರೆ ನಮ್ಮ ಕರಾವಳಿಯ ಬೊಳುವಾರು ಮಹಮದ್ ಕುಂಞಿಯವರ ಕಥೆಯಿಂದ ಪಿ. ಶೇಷಾದ್ರಿಯವರು 2000ದಲ್ಲಿ "ಮುನ್ನುಡಿ" ಸಿನಿಮಾ ಮಾಡಿದರು. ಬಾನು ಮುಷ್ತಾಕ್ ಅವರ "ಕರಿ ನಾಗರಗಳು" ಕಥೆಯಿಂದ ಗಿರೀಶ್ ಕಾಸರವಳ್ಳಿಯವರ "ಹಸೀನಾ" ಬಂತು. ಅದೇ ಬಾನು ಮುಷ್ತಾಕ್ ಅವರಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ಮಂಡ್ಯದ ಹಳ್ಳಿಯೊಂದರಲ್ಲಿ, ಅಲ್ಲಿನ ಜನರನ್ನೇ ಪಾತ್ರಕ್ಕೆ ಹಾಕಿ ತೆಗೆದ "ತಿಥಿ" 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದನ್ನು ನಿರ್ದೇಶಕ ರಾಮ್ ರೆಡ್ಡಿಯವರ ಜೊತೆ ಬರೆದ ಈರೇಗೌಡರು ಆ ಹಳ್ಳಿಯಲ್ಲೇ ಬೆಳೆದವರು. ಅಂದರೆ ನಮ್ಮ ಅಂಗಳದಲ್ಲಿ ನಡೆದದ್ದನ್ನು ನೋಡುವವರು ಇದ್ದಾರೆ.

ಇನ್ನು ಸ್ಪರ್ಧೆ. ಸಿನಿಮಾ ಮಂದಿಯ ಪರಿಚಯ ಇಲ್ಲದವರು ಬಾಗಿಲು ತಟ್ಟಲು ಇರುವ ಕೆಲವೇ ದಾರಿಗಳಲ್ಲಿ ಇದು ಒಂದು. ಪ್ರಪಂಚದಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದಲ್ಲಿ ಆಸ್ಕರ್ ಕೊಡುವ ಅಕಾಡೆಮಿಯೇ ನಡೆಸುವ ನಿಕೋಲ್ ಫೆಲೋಶಿಪ್. ಡಾನ್ ನಿಕೋಲ್ ಎಂಬ ಬರಹಗಾರರು ತೀರಿಕೊಂಡ ಮೇಲೆ ಅವರ ನೆನಪಿಗೆ ಪತ್ನಿ ಜೀ ನಿಕೋಲ್ ಕೊಟ್ಟ ಹಣದಿಂದ ಅದು 1980ರ ದಶಕದಲ್ಲಿ ಆರಂಭವಾಯಿತು. ಅದೂ ಒಂದು ದಾನವೇ. ದಾನಿಗಳು ಕುಳಿತಿರುವ ಸಭೆಯಲ್ಲಿ ಇದನ್ನು ಹೇಳಲು ಸಂತೋಷವಾಗುತ್ತದೆ. ಬಹಳ ಕಾಲ ಸಾವಿರಾರು ಚಿತ್ರಕಥೆಗಳು ಬರುತ್ತಿದ್ದವು, ಹೆಚ್ಚೆಂದರೆ ಐದು ಫೆಲೋಶಿಪ್, ಒಂದೊಂದು 35,000 ಡಾಲರ್ ಇತ್ತು. ಪೋರ್ಟ್‌ಲೆಂಡ್ ಎಂಬ ಊರಿನ ರೇಡಿಯೊದಲ್ಲಿ ಸುದ್ದಿ ಓದುತ್ತಿದ್ದ ಮೈಕ್ ರಿಚ್ ಎಂಬವರು 1998ರಲ್ಲಿ ಅದನ್ನು ಪಡೆದರು. ಎರಡು ವರ್ಷದಲ್ಲಿ ಅವರ ಚಿತ್ರಕಥೆ "ಫೈಂಡಿಂಗ್ ಫಾರೆಸ್ಟರ್" ಎಂಬ ಸಿನಿಮಾ ಆಯಿತು. ನಮ್ಮ ದೇಶದಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿ, 2007ರಿಂದ ಚಿತ್ರಕಥಾ ಲ್ಯಾಬ್ ನಡೆಸುತ್ತಾ ಬಂದಿದೆ. ಅಲ್ಲಿ ಆಯ್ಕೆಯಾಗುವುದು ಬೆರಳೆಣಿಕೆಯಷ್ಟು ಮಾತ್ರ. ಆಯ್ಕೆಯಾದವರಿಗೆ ಅನುಭವಿಗಳು ಜೊತೆ ಕುಳಿತು ತಿದ್ದಿಸುತ್ತಾರೆ.

ಹೊಸ ಬರಹಗಾರ ಎಂದರೆ ವಯಸ್ಸಿನಲ್ಲಿ ಚಿಕ್ಕವರು ಎಂದು ಅರ್ಥವಲ್ಲ. ಬರವಣಿಗೆಯಿಂದ ಇನ್ನೂ ಹೆಚ್ಚು ಸಂಪಾದಿಸದವರು ಎಂದು ಅರ್ಥ. ನಿಕೋಲ್‌ನಲ್ಲಿ ಬಹಳ ಕಾಲ ಇದ್ದ ನಿಯಮದಂತೆ, ಚಿತ್ರಕಥೆ ಬರೆದು 25,000 ಡಾಲರಿಗಿಂತ ಹೆಚ್ಚು ಗಳಿಸಿದವರು ಅರ್ಜಿ ಹಾಕುವಂತಿರಲಿಲ್ಲ. ನಲವತ್ತು ವರ್ಷದ ತಾಯಿಯೂ ಹೊಸ ಬರಹಗಾರ್ತಿ ಆಗಬಹುದು.

ನಾನು ಅರ್ಜಿ ಹಾಕಿದ್ದು ಇವೆರಡಕ್ಕೂ ಅಲ್ಲ, ಮುಂಬೈಯಿಂದ ನಡೆಯುವ ಮತ್ತೊಂದಕ್ಕೆ. ಹೆಸರು ಬೇಡ. ಅವರು ನ್ಯಾಯವಾಗಿಯೇ ನಡೆದುಕೊಂಡರು. ಪ್ರವೇಶ ಶುಲ್ಕ ಬೇಗ ಕಟ್ಟಿದರೆ 1,000 ರೂಪಾಯಿ, ತಡವಾದರೆ 1,500. ಉಮ್ಮನಿಗೆ ಹೇಳಿದೆ. ಉಮ್ಮ ಸಾವಿರದ ಲೆಕ್ಕ ತಿಳಿದವರು. ಬೀಡಿಗೆ ಮಜೂರಿ ಕೊಡುವುದೇ ಸಾವಿರಕ್ಕೆ ಇಷ್ಟು ಎಂದು. "ಇದು ಲಾಟರಿಯಾ?" ಎಂದು ಕೇಳಿದರು. ಅಲ್ಲ, ಬರೆದದ್ದನ್ನು ಓದಿ ನೋಡುತ್ತಾರೆ ಎಂದೆ. "ಓದಿ ನೋಡಲಿಕ್ಕೂ ದುಡ್ಡಾ?" ಎಂದರು. ಉತ್ತರ ಹೊಳೆಯಲಿಲ್ಲ. ಆದರೂ ಬೇಗ ಕಟ್ಟಿದೆ.

ಆ ಶುಲ್ಕದಿಂದ ಒಂದು ಉಪಕಾರವಾಯಿತು. ನಾಲ್ಕು ವರ್ಷದಿಂದ ಅರ್ಧ ಬರೆದು ಬಿಟ್ಟಿದ್ದ ಚಿತ್ರಕಥೆಯನ್ನು ಕೊನೆಯ ದಿನಾಂಕ ಎದುರಿಗಿದೆ ಎಂಬ ಒಂದೇ ಕಾರಣಕ್ಕೆ ನಾನು ಮುಗಿಸಿದೆ. ಮೊದಲ ಕರಡು 140 ಪುಟ ಇತ್ತು. ಅದನ್ನು 104ಕ್ಕೆ ಇಳಿಸಿದೆ. ವಿವರಣೆ ಇಂಗ್ಲಿಷಿನಲ್ಲಿರಬೇಕು, ಮಾತು ಯಾವ ಭಾರತೀಯ ಭಾಷೆಯಲ್ಲಾದರೂ ಇರಬಹುದು, ಪಕ್ಕದಲ್ಲಿ ಅನುವಾದ ಇರಬೇಕು ಎಂಬುದು ಅವರ ನಿಯಮ. ನಾನು ಮಾತನ್ನು ನಮ್ಮ ಬ್ಯಾರಿಯಲ್ಲೇ, ಕನ್ನಡ ಲಿಪಿಯಲ್ಲಿ ಬರೆದೆ. ಕಳುಹಿಸುವ ಮೊದಲು ಗೆಳತಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಕನ್ನಡ ಇರಬೇಕಾದಲ್ಲೆಲ್ಲ ಅರ್ಥವಿಲ್ಲದ ಚಿಹ್ನೆಗಳು. ನಾನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಒಂದು ರಾತ್ರಿ ಕುಳಿತು ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಿದೆ.

ಕಥೆ ನಮ್ಮ ಮನೆಯದು. ಗಲ್ಫಿಗೆ ಹೋದ ತಂದೆಯ ಪತ್ರಗಳು ಮೊದಲು ತಿಂಗಳಿಗೊಂದು, ಆಮೇಲೆ ವರ್ಷಕ್ಕೊಂದು, ಕೊನೆಗೆ ಇಲ್ಲವೇ ಇಲ್ಲ. ತಾಯಿ ಬೀಡಿ ಕಟ್ಟಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಚಿಕ್ಕವಳು ಓದಿ ಮುಂದೆ ಬರುತ್ತಾಳೆ. ಆ ಚಿಕ್ಕವಳು ನಾನು ಎಂದು ಬೇರೆ ಹೇಳಬೇಕಾಗಿಲ್ಲ.

ಎರಡು ತಿಂಗಳಾದ ಮೇಲೆ ಮೇಲ್ ಬಂತು. ನಿಮ್ಮ ಚಿತ್ರಕಥೆ ಎರಡನೇ ಸುತ್ತಿಗೆ ಹೋಗಿದೆ, ಲಗತ್ತಿಸಿದ ಹೇಳಿಕೆಗೆ ಹತ್ತು ದಿನದೊಳಗೆ ಸಹಿ ಮಾಡಿ ಕಳುಹಿಸಿ ಎಂದು. ಆ ಹೇಳಿಕೆಯಲ್ಲಿ ಒಂದು ಸಾಲಿತ್ತು. ಈ ಕೃತಿ ನನ್ನ ಸ್ವಂತದ್ದು, ಇದರಲ್ಲಿ ಬದುಕಿರುವ ವ್ಯಕ್ತಿಗಳ ಜೀವನದಿಂದ ತೆಗೆದುಕೊಂಡ ಸಂಗತಿ ಇದ್ದರೆ ಅವರ ಒಪ್ಪಿಗೆ ಪಡೆದಿದ್ದೇನೆ ಎಂಬುದು ಅದರ ಸಾರ.

ನಾನು ಪೆನ್ನು ಹಿಡಿದೆ, ಸಹಿ ಮಾಡಲಿಲ್ಲ. ಅಷ್ಟರವರೆಗೆ ಉಮ್ಮನನ್ನು ನಾನು ಕೇಳಿಯೇ ಇರಲಿಲ್ಲ.

ಉಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಎರಡು ರಾತ್ರಿ ಅವರು ಬೀಡಿ ಕಟ್ಟುತ್ತಿರುವಾಗ ಪಕ್ಕದಲ್ಲಿ ಕುಳಿತು ಪೂರ್ತಿ ಚಿತ್ರಕಥೆಯನ್ನು ಬ್ಯಾರಿಯಲ್ಲಿ ಓದಿ ಹೇಳಿದೆ. ಬ್ರಾಂಚಿನಲ್ಲಿ ಕಟ್ಟು ಪರೀಕ್ಷಿಸುವವನ ಮಾತು ಬಂದಾಗ ನಕ್ಕರು. ಪತ್ರ ನಿಂತುಹೋದ ಭಾಗಕ್ಕೆ ಏನೂ ಹೇಳಲಿಲ್ಲ. 61ನೇ ಪುಟದಲ್ಲಿ ದೊಡ್ಡ ಮಗಳು ಶಾಲೆ ಬಿಡುವ ದೃಶ್ಯ. ನಾನು ಬರೆದದ್ದು ಹೀಗಿತ್ತು: ಏಳನೇ ತರಗತಿ ಮುಗಿಸಿದ ಹುಡುಗಿ ಪುಸ್ತಕದ ಚೀಲವನ್ನು ತಂಗಿಯ ಹೆಗಲಿಗೆ ಹಾಕುತ್ತಾಳೆ, ತಾಯಿಯ ಪಕ್ಕ ಕುಳಿತು ಕತ್ತರಿ ಎತ್ತಿಕೊಳ್ಳುತ್ತಾಳೆ, ತಂಗಿಯನ್ನು ನೋಡಿ ನಗುತ್ತಾಳೆ. ಬರೆಯುವಾಗ ನನಗೇ ಕಣ್ಣೀರು ಬಂದಿತ್ತು. ಮೊದಲ ಸುತ್ತಿನಲ್ಲಿ ಗೆದ್ದದ್ದು ಈ ದೃಶ್ಯದಿಂದಲೇ ಎಂದು ನಂಬಿದ್ದೆ.

ಉಮ್ಮನ ಕೈ ನಿಂತಿತು. "ಉಳಿದದ್ದೆಲ್ಲ ನನ್ನದು, ನೀನು ಬರೆದುಕೋ. ಇದು ನನ್ನದಲ್ಲ. ನಿನ್ನ ಅಕ್ಕನದು. ಅವಳನ್ನು ಕೇಳು" ಎಂದರು.

ಅಕ್ಕ ಮದುವೆಯಾಗಿ ಉಪ್ಪಿನಂಗಡಿ ಕಡೆ ಇದ್ದಾಳೆ. ನಾನು ಒಂದನೇ ತರಗತಿಯಲ್ಲಿದ್ದಾಗ ಅವಳು ಶಾಲೆ ಬಿಟ್ಟದ್ದು. ಭಾನುವಾರ ಬಸ್ಸು ಹತ್ತಿ ಹೋದೆ. ಮಕ್ಕಳನ್ನು ಆಟಕ್ಕೆ ಕಳುಹಿಸಿ ಅಡುಗೆಮನೆಯಲ್ಲಿ ನಿಂತುಕೊಂಡೇ ಕೇಳಿದಳು. ಓದಿ ಮುಗಿಸಿದೆ. ಅವಳು ಒಲೆಯ ಮೇಲಿದ್ದ ಪಾತ್ರೆ ಇಳಿಸಿ ಹೇಳಿದಳು: "ನಾನು ನಗಲಿಲ್ಲ. ಊಟ ಬಿಟ್ಟಿದ್ದೆ. ನಿನ್ನ ಚೀಲವನ್ನು ಬಾವಿಗೆ ಹಾಕಲಿಕ್ಕೆ ಹೋಗಿದ್ದೆ, ಉಮ್ಮ ಹಿಡಿದರು. ನೀನು ಚಿಕ್ಕವಳು, ನಿನಗೆ ಯಾರೂ ಹೇಳಲಿಲ್ಲ." ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಹೇಳಿದಳು: "ಏಳನೆಯದರಲ್ಲಿ ನನಗೆ ಮೊದಲ ದರ್ಜೆ ಬಂದಿತ್ತು. ನನ್ನ ಮಕ್ಕಳು ನಾನು ಫೇಲ್ ಆಗಿ ಬಿಟ್ಟದ್ದು ಅಂತ ತಿಳಿದುಕೊಂಡಿದ್ದಾರೆ. ನಾನೇ ಹಾಗೆ ಹೇಳಿದ್ದು. ಯಾಕೆ ಬಿಟ್ಟದ್ದು ಅಂತ ಮತ್ತೆ ಕೇಳುವುದಿಲ್ಲವಲ್ಲ."

ಒಪ್ಪಿಗೆ ಕೊಡುತ್ತೀಯಾ ಎಂದು ಕೇಳಲು ಹೋದವಳಿಗೆ ಕೇಳಲು ಬಾಯಿ ಬರಲಿಲ್ಲ. ಅವಳೇ ಹೇಳಿದಳು: "ಬರೆಯಬೇಡ ಅಂತ ನಾನು ಹೇಳುವುದಿಲ್ಲ. ನಾನು ನಕ್ಕೆ ಅಂತ ಬರೆದರೆ ಮಾತ್ರ ಒಪ್ಪುವುದಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸಿದೆ. ಅಕ್ಕ ನಕ್ಕಳು ಎಂದು ಬರೆಯಲು ನನಗೆ ಯಾರು ಹೇಳಿದ್ದು? ಯಾರೂ ಹೇಳಿರಲಿಲ್ಲ. ಅವಳು ನಕ್ಕಿದ್ದರೆ ನಾನು ಓದಿದ್ದಕ್ಕೆ ಯಾರಿಗೂ ಏನೂ ಬಾಕಿ ಇಲ್ಲ. ಆ ನಗು ನನಗೆ ಬೇಕಾಗಿತ್ತು, ಅದಕ್ಕೆ ಅವಳ ಮುಖದ ಮೇಲೆ ಅಂಟಿಸಿದ್ದೆ.

ಸಂಘಟಕರಿಗೆ ಬರೆದೆ. ಒಂದು ದೃಶ್ಯ ತಿದ್ದಲು ಅವಕಾಶ ಕೊಡಿ ಎಂದು ಕೇಳಿದೆ. ಸ್ಪರ್ಧೆ ಆರಂಭವಾದ ಮೇಲೆ ಕರಡು ಬದಲಾಯಿಸುವಂತಿಲ್ಲ, ಎಲ್ಲರಿಗೂ ಒಂದೇ ನಿಯಮ ಎಂದು ಉತ್ತರ ಬಂತು. ನಿಯಮಾವಳಿಯಲ್ಲಿ ಮೊದಲೇ ಬರೆದಿತ್ತು, ನಾನು ಗಮನಿಸಿರಲಿಲ್ಲ. ಸುಳ್ಳು ಸಹಿ ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ಮುಂಬೈಗೆ ಹೋಗಿ ದೂರು ಕೊಡುವವಳಲ್ಲ. ಒಂಬತ್ತನೇ ದಿನ ರಾತ್ರಿ ಚಿತ್ರಕಥೆ ಹಿಂದಕ್ಕೆ ಪಡೆಯುತ್ತೇನೆ ಎಂದು ಮೇಲ್ ಕಳುಹಿಸಿದೆ. ಶುಲ್ಕ ವಾಪಸು ಬರುವುದಿಲ್ಲ. ಎರಡು ಮೂರು ದಿನ ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ. ಇದರಿಂದ ನನಗೆ ಹೆಮ್ಮೆ ಆಯಿತು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು.

ಮರುವರ್ಷ ಅಕ್ಕ ಹೇಳಿದಂತೆ ಬರೆದು ಮತ್ತೆ ಕಳುಹಿಸಿದೆ. ಈ ಸಲ ಎರಡನೇ ಸುತ್ತಿಗೂ ಹೋಗಲಿಲ್ಲ. ಸ್ವಲ್ಪ ಹೆಚ್ಚು ಶುಲ್ಕ ಕಟ್ಟಿದವರಿಗೆ ಓದುಗರ ಟಿಪ್ಪಣಿ ಕೊಡುತ್ತಿದ್ದರು, ಅದನ್ನು ತೆಗೆದುಕೊಂಡಿದ್ದೆ. ಎರಡು ಪುಟ. ತಂದೆಯ ಪಾತ್ರ ತೆಳುವಾಗಿದೆ, ಕೊನೆಯ ಇಪ್ಪತ್ತು ಪುಟ ಎಳೆದಂತಿದೆ ಎಂದೆಲ್ಲ ಇತ್ತು, ಎಲ್ಲವೂ ಸರಿಯೇ. ಕೊನೆಗೆ ಬರೆದದ್ದು ಇದು: ಅಕ್ಕ ಚೀಲ ಹಿಡಿದು ಬಾವಿಯ ಕಡೆ ಓಡುವಲ್ಲಿಂದ ಇದು ಅವಳ ಕಥೆಯಾಗುತ್ತದೆ, ಆದರೆ ಬರಹಗಾರರು ಅದನ್ನು ಗಮನಿಸದೆ ತಂಗಿಯ ಹಿಂದೆಯೇ ಹೋಗುತ್ತಾರೆ.

ಯಾರೋ ಒಬ್ಬರು, ನಮ್ಮ ಮನೆ ನೋಡದವರು, 104 ಪುಟ ಓದಿ ಇದನ್ನು ಹೇಳಿದರು. "ಓದಿ ನೋಡಲಿಕ್ಕೂ ದುಡ್ಡಾ?" ಎಂಬ ಉಮ್ಮನ ಪ್ರಶ್ನೆಗೆ ಅಂದು ಉತ್ತರ ಸಿಕ್ಕಿತು. ಈಗ ಅಕ್ಕನನ್ನೇ ಮುಂದಿಟ್ಟು ಮೂರನೇ ಕರಡು ಬರೆಯುತ್ತಿದ್ದೇನೆ. ಸಿನಿಮಾ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಪ್ರತಿ ಹತ್ತು ಪುಟಕ್ಕೆ ಅವಳಿಗೆ ಫೋನ್ ಮಾಡಿ ಓದುತ್ತೇನೆ.

ಇನ್ನು ಇಂಥ ಸ್ಪರ್ಧೆಗೆ ಹೋಗಬೇಕೆನ್ನುವ ಮಕ್ಕಳಿಗೆ ಕೆಲವು ಮಾತು. ಹೆತ್ತವರೂ ಕೇಳಿಸಿಕೊಳ್ಳಿ, ಯಾಕೆಂದರೆ ಸಹಿ ಹಾಕುವಾಗ ನೀವೂ ಪಕ್ಕದಲ್ಲಿರಬೇಕು.

ಮೊದಲನೆಯದು, ಹಣ ಕಟ್ಟುವ ಮೊದಲು ನಿಯಮಾವಳಿಯನ್ನು ಕೊನೆಯ ಸಾಲಿನವರೆಗೆ ಓದಿ. ಯಾವ ಭಾಷೆ, ಎಷ್ಟು ಪುಟ, ಹೆಸರು ಎಲ್ಲಿ ಬರೆಯಬಾರದು, ತಿದ್ದಲು ಅವಕಾಶ ಇದೆಯೇ, ಇವೆಲ್ಲ ಅಲ್ಲಿರುತ್ತವೆ. ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕಳೆದ ವರ್ಷ ಹೋದವರ ಮಾತು ನಂಬಿ ಅರ್ಜಿ ಹಾಕಬೇಡಿ.

ಎರಡನೆಯದು, ಹಕ್ಕಿನ ಸಾಲು. ಭಾಗವಹಿಸಿದ ಎಲ್ಲರ ಕಥೆಯ ಹಕ್ಕೂ ಸಂಘಟಕರಿಗೆ ಸೇರುತ್ತದೆ ಎಂದು ಕೆಲವರು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅಂಥ ಒಂದು ಅರ್ಜಿಯನ್ನು ನಾನು ಅರ್ಧ ತುಂಬಿಸಿ ಬಿಟ್ಟಿದ್ದೇನೆ. ಗೆದ್ದವರೊಂದಿಗೆ ಬೇರೆ ಒಪ್ಪಂದ ಮಾಡಿಕೊಳ್ಳುವುದು ಬೇರೆ, ಸೋತವರ ಕಥೆಯನ್ನೂ ಇಟ್ಟುಕೊಳ್ಳುವುದು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ಬರೆದುಕೊಡುವುದಾದರೆ ಅದು ಲಿಖಿತವಾಗಿರಬೇಕು, ಕೊಡುವವರ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಲೆಕ್ಕ. ಸಹಿಗೆ ಅಷ್ಟು ಬೆಲೆ ಇದೆ.

ಮೂರನೆಯದು, ಐಡಿಯಾಕ್ಕೆ ಹಕ್ಕಿಲ್ಲ. 1978ರಲ್ಲಿ ಆರ್.ಜಿ. ಆನಂದ್ ಎಂಬ ನಾಟಕಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ವಿಚಾರ, ವಸ್ತು, ಕಥೆಯ ಎಳೆ ಯಾರ ಸೊತ್ತೂ ಅಲ್ಲ, ಅದನ್ನು ಬರೆದ ರೀತಿಗೆ ಮಾತ್ರ ರಕ್ಷಣೆ. ಆದ್ದರಿಂದ ಬಾಯಲ್ಲಿ ಹೇಳುತ್ತಾ ತಿರುಗಬೇಡಿ, ಬರೆಯಿರಿ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಮುಂದೆ ತಕರಾರು ಬಂದರೆ ನೋಂದಣಿ ಸಾಕ್ಷಿಯಾಗುತ್ತದೆ. ಕೇಂದ್ರ ಸರ್ಕಾರದ ಕೃತಿಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾದರೆ ಅಲ್ಲಿಯೂ ಚಿತ್ರಕಥೆಯನ್ನು ನೋಂದಾಯಿಸಬಹುದು.

ನಾಲ್ಕನೆಯದು, ಬೇರೆಯವರ ಕಥೆ ಅಥವಾ ಕಾದಂಬರಿಯನ್ನು ಚಿತ್ರಕಥೆ ಮಾಡುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ವಾರಸುದಾರರದ್ದು. ಗೆಳೆಯನ ಜೊತೆ ಸೇರಿ ಬರೆದರೆ ಯಾರಿಗೆ ಎಷ್ಟು ಪಾಲು ಎಂದು ಆರಂಭದಲ್ಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸ್ನೇಹ ಉಳಿಯುತ್ತದೆ.

ಐದನೆಯದು, ಮೊದಲ ಹತ್ತು ಪುಟಕ್ಕೆ ಹೆಚ್ಚು ಕಷ್ಟಪಡಿ. ರಾಶಿ ರಾಶಿ ಓದುವವರು ಮನುಷ್ಯರೇ. ಹತ್ತು ಪುಟದೊಳಗೆ ಯಾರ ಕಥೆ, ಅವರಿಗೆ ಏನು ಬೇಕು, ಏನು ಅಡ್ಡಿ ಎಂದು ತಿಳಿಯದಿದ್ದರೆ ಅವರ ಮನಸ್ಸು ಮುಂದಿನ ಕಟ್ಟಿಗೆ ಹೋಗುತ್ತದೆ. ಕನ್ನಡವನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ, ಪಿಡಿಎಫ್ ಅನ್ನು ಬೇರೆಯವರ ಯಂತ್ರದಲ್ಲಿ ತೆರೆದು ನೋಡಿ.

ಆರನೆಯದು, ಸಾಲ ಮಾಡಿ ಶುಲ್ಕ ಕಟ್ಟಬೇಡಿ. ವರ್ಷಕ್ಕೆ ಒಂದೇ ಸ್ಪರ್ಧೆ ಸಾಕು. ಗೆಲ್ಲದಿದ್ದರೂ ಕೈಯಲ್ಲಿ ಏನು ಉಳಿಯುತ್ತದೆ ಎಂದು ನೋಡಿ ಆರಿಸಿ. ಟಿಪ್ಪಣಿ ಕೊಡುವ, ತರಬೇತಿ ಕೊಡುವ ಸ್ಪರ್ಧೆ ಒಳ್ಳೆಯದು. ಬಹುಮಾನ ಬಂದ ಮೇಲೆ ಕೆಲಸ ಬಿಡುತ್ತೇನೆ ಎನ್ನುವ ಲೆಕ್ಕ ಬೇಡ. ನಾನು ಇಂದಿಗೂ ಸೋಮವಾರ ಬೆಳಿಗ್ಗೆ ತರಗತಿಗೆ ಹೋಗುತ್ತೇನೆ.

ಕೊನೆಯದು, ಮನೆಯವರ ಬದುಕನ್ನು ಬರೆಯುವುದಾದರೆ ಅವರಿಗೆ ಓದಿ ಹೇಳಿ. ಸ್ಪರ್ಧೆಯ ಅರ್ಜಿ ಕೇಳದಿದ್ದರೂ ಓದಿ ಹೇಳಿ. ಅವರು ಬೇಡ ಎಂದರೆ ಏನು ಮಾಡುವುದು ಎಂದು ನೀವು ಕೇಳಬಹುದು. ಅದಕ್ಕೆ ನನ್ನ ಬಳಿ ಒಂದೇ ಉತ್ತರ ಇಲ್ಲ. ನನ್ನ ಅಕ್ಕ ಬೇಡ ಎನ್ನಲಿಲ್ಲ, ಸರಿಯಾಗಿ ಬರೆ ಎಂದಳು. ನಿಮ್ಮ ಮನೆಯಲ್ಲಿ ಬೇರೆ ಮಾತು ಬರಬಹುದು. ಕೇಳದೆ ಇದ್ದರೆ ಯಾವ ಮಾತೂ ಬರುವುದಿಲ್ಲ.

ದಾನಿಗಳಲ್ಲಿ ಒಂದು ವಿನಂತಿ ಇದೆ. ಸಣ್ಣದು. ವಿದ್ಯಾರ್ಥಿವೇತನದ ಅರ್ಜಿಯೂ ಒಂದು ರೀತಿಯಲ್ಲಿ ಮನೆಯ ಕಥೆಯೇ. ನಾನು ತುಂಬಿಸಿದ ಅರ್ಜಿಯಲ್ಲಿ ತಂದೆಯ ಆದಾಯ, ತಾಯಿಯ ಉದ್ಯೋಗ, ನನ್ನ ಅಂಕ ಇವೆಲ್ಲ ಇದ್ದವು. ಅಕ್ಕನಿಗೆ ಜಾಗ ಇರಲಿಲ್ಲ. ಕುಟುಂಬದ ಸದಸ್ಯರ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ "ಮನೆಯಲ್ಲಿ" ಎಂದು ನಾನೇ ಬರೆದಿದ್ದೆ. ಮುಂದಿನ ವರ್ಷದ ಅರ್ಜಿಯಲ್ಲಿ ಒಂದು ಸಾಲು ಸೇರಿಸಬಹುದೇ: ಈ ಮನೆಯಲ್ಲಿ ಓದು ನಿಲ್ಲಿಸಿದವರು ಇದ್ದಾರೆಯೇ, ಯಾವ ತರಗತಿಯಲ್ಲಿ, ಯಾಕೆ? ಅವರಿಗೆ ಈಗ ಏನಾದರೂ ಕಲಿಯಬೇಕೆಂದಿದೆಯೇ? ಎಲ್ಲರಿಗೂ ನೆರವು ಕೊಡಲು ಆಗದಿರಬಹುದು. ಒಬ್ಬರು ಓದಲು ಇನ್ನೊಬ್ಬರು ಏನು ಬಿಟ್ಟರು ಎಂಬುದು ಆ ಅರ್ಜಿಯಲ್ಲಿ ಬರೆದಿರಲಿ.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳೇ, ಇಂದು ನಿಮ್ಮ ಹೆಸರು ಕರೆಯುತ್ತಾರೆ, ಚೆಕ್ ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ. ಸಂತೋಷವಾದರೆ ಖಂಡಿತ ನಗಿ. ಮನೆಗೆ ಹೋದ ಮೇಲೆ ಫೋಟೋದಲ್ಲಿ ಇಲ್ಲದವರ ಪಕ್ಕ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಈ ಭಾಷಣವನ್ನು ಮೊನ್ನೆ ರಾತ್ರಿ ಅಕ್ಕನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದ್ದೇನೆ. ಮಕ್ಕಳಿಗೆ ಹೇಳಿದ ಮಾತು ಸಭೆಯಲ್ಲಿ ಬರಬಹುದೇ ಎಂದು ಕೇಳಿದೆ. "ನಿನ್ನೆಯೇ ಅವರಿಗೆ ನಿಜ ಹೇಳಿಯಾಯಿತು. ದೊಡ್ಡವನು ಅಂಕಪಟ್ಟಿ ತೋರಿಸು ಅಂತಾನೆ, ನಾನೆಲ್ಲಿಂದ ತರಲಿ" ಎಂದಳು. ಒಂದು ಕಡೆ ತಿದ್ದಿದಳು ಕೂಡ. ಊಟ ಬಿಟ್ಟದ್ದು ಮೂರು ದಿನ ಎಂದು ನಾನು ಬರೆದುಕೊಂಡಿದ್ದೆ. "ಎರಡೇ ದಿನ. ಮೂರನೆಯದು ನೀನು ಸೇರಿಸಿದ್ದು" ಎಂದಳು. ಆದ್ದರಿಂದ ನಿಮ್ಮ ಮುಂದೆ ದಿನದ ಲೆಕ್ಕ ಹೇಳದೆ ಬಂದಿದ್ದೆ. ಈಗ ಸರಿಯಾಗಿ ಹೇಳಿದ್ದೇನೆ.

ನನಗೆ ಓದಲು ನೆರವಾದ ನಿಮಗೆಲ್ಲ, ನನ್ನ ಉಮ್ಮನಿಗೆ, ಮತ್ತು ಎರಡು ದಿನ ಊಟ ಬಿಟ್ಟ ಅಕ್ಕನಿಗೆ ಕೃತಜ್ಞತೆಗಳು.